ಅಡ್ವಾನ್ಸ್ ಕೊಟ್ಟಾಗಿದೆ, ಡಿಸೈನ್ ಮನಸ್ಸಿಗೆ ಬಂದಿಲ್ಲ

ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದವರು 31 ವರ್ಷದ ಹೆಣ್ಣುಮಗಳು, ಬೆಂಗಳೂರಿನಲ್ಲಿ ಕೆಲಸ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ರಾತ್ರಿ ನಿದ್ದೆಯಿಲ್ಲ, ಮೊಬೈಲ್ ಸದ್ದಾದರೆ ಎದೆ ಡವಡವ. ಮೆಸೇಜ್ ಯಾರದು ಎಂದು ಕೇಳಿದೆ. "ಟ್ಯಾಟೂ ಆರ್ಟಿಸ್ಟ್‌ದು, ಮೇಡಂ. ಡಿಸೈನ್ ಓಕೆನಾ ಅಂತ ಕೇಳ್ತಿದ್ದಾರೆ."

ಭುಜದಿಂದ ಮಣಿಕಟ್ಟಿನವರೆಗೆ ಇಡೀ ತೋಳಿನ ಟ್ಯಾಟೂ. ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅಜ್ಜಿಯ ಮುಂಗೈ ತುಂಬ, ಊರಿಗೆ ಬರುತ್ತಿದ್ದ ಕೊರವಂಜಿಯಿಂದ ಹಾಕಿಸಿಕೊಂಡ ಹಚ್ಚೆ: ತುಳಸಿಕಟ್ಟೆ, ಚೇಳು, ಸುತ್ತ ಚುಕ್ಕಿಸಾಲು. ಈಕೆಗೆ ಬೇಕಿದ್ದದ್ದು ಅದು. ಆರ್ಟಿಸ್ಟ್ ಕಳಿಸಿದ್ದು ದೊಡ್ಡ ಕಮಲ, ಮಂಡಲ, ಮೂಲೆಯಲ್ಲೊಂದು ಚೇಳು. "ಅಷ್ಟು ಕಷ್ಟಪಟ್ಟು ಬರೆದಿದ್ದಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರಲ್ವಾ?"

ಟ್ಯಾಟೂ ಹಾಕಿಸಬೇಕೋ ಬೇಡವೋ ಎಂಬ ಮಾತಿಗೆ ನಾನು ಹೋಗಲಿಲ್ಲ. ಮೈ ಅವರದು, ತೀರ್ಮಾನವೂ ಅವರದೇ. ನನಗೆ ಕಂಡದ್ದು ಬೇರೆ. ಆಫೀಸಿನಲ್ಲೂ ಮನೆಯಲ್ಲೂ ಎದುರಿನವರ ಮುಖ ಬಾಡದಿದ್ದರೆ ಸಾಕು ಎಂದು ತಲೆಯಾಡಿಸಿಯೇ ಬಂದವರು ಇವರು. ಜೊತೆಗೆ ಅವಸರ. ಅಜ್ಜಿಯ ವರ್ಷದ ತಿಥಿಯೊಳಗೆ ಎಲ್ಲ ಮುಗಿಯಲೇಬೇಕಂತೆ.

ಮೊದಲು ಆ ಗಡುವನ್ನು ಬಿಡಿಸಿದೆ. ತೋಳು ತುಂಬುವ ಕೆಲಸ ಒಂದು ದಿನದ್ದಲ್ಲ. ಮೊದಲು ಗೆರೆ, ಆಮೇಲೆ ಶೇಡಿಂಗ್. ಒಂದೊಂದು ಸಿಟ್ಟಿಂಗ್‌ಗೆ ಹಲವು ಗಂಟೆ, ನಡುವೆ ಚರ್ಮ ಮಾಯಲು ಸಾಮಾನ್ಯವಾಗಿ 3-4 ವಾರ. ತಿಥಿಯ ದಿನ ಅರ್ಧ ಆಗಿದ್ದರೆ ಅಜ್ಜಿಗೇನೂ ಅವಮಾನವಿಲ್ಲ ಎಂದಾಗ ಅವರು ಬಹಳ ಹೊತ್ತು ಅತ್ತರು. ಅಳು ಮುಗಿಯುವವರೆಗೆ ನಾನು ಸುಮ್ನೆ ಕೂತೆ.

ಆಮೇಲೆ ಒಂದು ಹಾಳೆಯಲ್ಲಿ ಬರೆಯಿಸಿದೆ: ಇದು ಇರಲೇಬೇಕು, ಇದು ಇದ್ದರೂ ಸರಿ, ಇದು ಬೇಡವೇ ಬೇಡ. ಬೇಡದ ಕಡೆ ಮೊದಲು ಬಂದದ್ದೇ ಕಮಲ. ಅಜ್ಜಿಯ ಕೈ ಸ್ಪಷ್ಟವಾಗಿ ಕಾಣುವ ಹಳೆಯ ಫೋಟೋ ಹುಡುಕಿ ಆ ಹಾಳೆಯ ಜೊತೆ ಕಳಿಸಲು ಹೇಳಿದೆ. "ಅಜ್ಜಿ ನೆನಪಿಗೆ ಏನಾದ್ರೂ" ಎಂದಷ್ಟೇ ಹೇಳಿದ್ದರಂತೆ. ಅಷ್ಟರಿಂದ ಪಾಪ ಆ ಆರ್ಟಿಸ್ಟ್‌ಗೂ ಏನು ಗೊತ್ತಾಗಬೇಕು?

ಆರ್ಟಿಸ್ಟ್ ಮಾತು ಕೇಳಬೇಕಾದ ಜಾಗವೂ ಇದೆ. ಚುಕ್ಕಿಗಳನ್ನು ತೀರ ಒತ್ತೊತ್ತಾಗಿ ಇಟ್ಟರೆ ವರ್ಷ ಕಳೆದಂತೆ ಶಾಯಿ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಾತ್ರ, ನಡುವಿನ ಜಾಗ, ಮೊಣಕೈ ಮಡಿಚಿದಾಗ ಗೆರೆ ಎಲ್ಲಿಗೆ ಬರುತ್ತದೆ, ಇವೆಲ್ಲ ಅವರ ವಿದ್ಯೆ. ಯಾವ ಚಿತ್ರ ಇರಬೇಕು ಎನ್ನುವುದು ಮಾತ್ರ ಇವರದು.

ಹೇಳುವ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. ನಾನೇ ಆರ್ಟಿಸ್ಟ್ ಆದೆ, ಸ್ವಲ್ಪ ಮುನಿಸಿಕೊಂಡೆ ಕೂಡ. ಮೊದಲು ಹತ್ತು ಸಲ ಸಾರಿ ಕೇಳಿದರು. ಕೊನೆಗೆ ಬಂದದ್ದು ಇಷ್ಟು: "ಸರ್, ನಿಮ್ಮ ಕೆಲಸ ಚೆನ್ನಾಗಿದೆ. ಆದರೆ ನನಗೆ ಬೇಕಾದ್ದು ಇದಲ್ಲ. ಹೊಸದಾಗಿ ಬರೆಯೋಕೆ ಎಷ್ಟಾಗುತ್ತೆ ಹೇಳಿ." ಒಪ್ಪದಿದ್ದರೆ ಅಡ್ವಾನ್ಸ್ ಹೋದರೆ ಹೋಗಲಿ, ಲೇಸರ್‌ನಲ್ಲಿ ಅಳಿಸಲು ಹೊರಟರೆ ಅದಕ್ಕಿಂತ ಎಷ್ಟೋ ಜಾಸ್ತಿ ದುಡ್ಡು, ನೋವು ಎಂದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸೂಜಿ ಚುಚ್ಚುವ ಮೊದಲು ಸ್ಟೆನ್ಸಿಲ್, ಅಂದರೆ ಡಿಸೈನಿನ ಗೆರೆಗಳನ್ನು ಚರ್ಮದ ಮೇಲೆ ಮೂಡಿಸುವ ಹಾಳೆ, ಅಂಟಿಸುತ್ತಾರೆ. ಆಗ ಎದ್ದು ನಿಂತು, ಕೈ ಇಳಿಬಿಟ್ಟು, ಮಡಿಚಿ, ಕನ್ನಡಿಯಲ್ಲಿ ನೋಡಬೇಕು. ಸರಿ ಬರಲಿಲ್ಲವೇ, ಒರೆಸಿ ಮತ್ತೆ ಹಾಕಿ ಎನ್ನಬೇಕು. ಒಳ್ಳೆಯ ಆರ್ಟಿಸ್ಟ್ ಅದಕ್ಕೆ ಮುಖ ಸಿಂಡರಿಸುವುದಿಲ್ಲ.

ಆರ್ಟಿಸ್ಟ್‌ಗೆ ಬೇಜಾರಾಗಲಿಲ್ಲ. ಫೋಟೋ ಮೊದಲೇ ಕೊಡಬಾರದಿತ್ತಾ ಎಂದರಂತೆ. ಹೊಸ ಡ್ರಾಯಿಂಗ್‌ಗೆ ಬೇರೆ ದುಡ್ಡು ತಗೊಂಡರು. ಈಗ ಗೆರೆ ಕೆಲಸ ಆಗಿದೆ, ತುಳಸಿಕಟ್ಟೆಯ ಶೇಡಿಂಗ್ ಬಾಕಿ. ಎರಡನೇ ಸಿಟ್ಟಿಂಗ್‌ನಲ್ಲಿ ನೋವು ತಡೆಯಲಾಗದೆ "ಇವತ್ತಿಗೆ ಸಾಕು" ಎಂದು ತಾವೇ ಹೇಳಿ ಎದ್ದು ಬಂದರಂತೆ. ಆಫೀಸಿನ ವಿಷಯವನ್ನು ಮುಂದಿನ ವಾರದಿಂದ ಶುರು ಮಾಡುತ್ತಿದ್ದೇವೆ.