ಗಾಬ್ಲಿನ್‌ಗಳಿಗೂ ಜೀವದ ಆಸೆ ಇದೆ

ಪ್ರಶ್ನೆ: ತುಮಕೂರಿನಲ್ಲಿ ನಾವು ಐದು ಜನ ಸ್ನೇಹಿತರು ಪ್ರತಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಆಡುವ ಕಥೆಯಾಟ) ಆಡುತ್ತೇವೆ, ಗೇಮ್ ಮಾಸ್ಟರ್ ನಾನು, ಅಂದರೆ ಕಥೆ ಹೇಳಿ ಶತ್ರುಗಳನ್ನು ಆಡಿಸುವ ಕೆಲಸ ನನ್ನದು. ಆರು ಗಾಬ್ಲಿನ್ (ಕುಳ್ಳ ರಾಕ್ಷಸರು) ಬಿಟ್ಟರೂ ಎರಡೇ ರೌಂಡಿಗೆ ಮುಗಿದುಹೋಗುತ್ತವೆ. ಎದುರಿಗೆ ಬಂದು ನಿಲ್ಲುತ್ತವೆ, ಹೊಡೆಯುತ್ತವೆ, ಸಾಯುತ್ತವೆ. ಆಡುವವರು ಆಕಳಿಸುತ್ತಾರೆ. ಅವುಗಳ ಎಚ್‌ಪಿ (ಎಷ್ಟು ಏಟು ತಡೆಯುತ್ತವೆ ಅನ್ನುವ ಅಂಕ) ಜಾಸ್ತಿ ಮಾಡಲಾ?

ಉತ್ತರ: ಬೇಡ, ಎಚ್‌ಪಿ ಮುಟ್ಟಬೇಡಿ. ಎರಡು ರೌಂಡಿನ ಆಕಳಿಕೆ ಐದು ರೌಂಡಿಗೆ ಎಳೆಯುತ್ತೆ, ಅಷ್ಟೇ.

ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಆಡು-ಹುಲಿ ಆಟದ ಗೆರೆ ಕೊರೆದಿರುವುದನ್ನು ನೋಡಿರುತ್ತೀರಿ ಅಲ್ವಾ? ಆ ಆಟದಲ್ಲಿ ಆಡಿಗೆ ಹುಲಿಯನ್ನು ಕೊಲ್ಲುವ ಶಕ್ತಿಯೇ ಇಲ್ಲ. ಬೆನ್ನ ಹಿಂದೆ ಜಾಗ ಖಾಲಿ ಬಿಟ್ಟು ಒಂಟಿಯಾಗಿ ನಿಂತರೆ ಹುಲಿ ಹಾರಿ ಮುಗಿಸುತ್ತೆ. ಆದರೂ ಒತ್ತಾಗಿ ನಿಂತು, ದಾರಿ ಕಟ್ಟಿ, ಹುಲಿಗೆ ಅಲ್ಲಾಡಲು ಜಾಗ ಇಲ್ಲದ ಹಾಗೆ ಮಾಡಿ ಆಡುಗಳು ಗೆಲ್ಲುತ್ತವೆ. ನಿಮ್ಮ ಫೈಟರ್ (ಕತ್ತಿ ಹಿಡಿದ ಯೋಧನ ಪಾತ್ರ) ಹುಲಿ, ಗಾಬ್ಲಿನ್ ಆಡು. ಆಡನ್ನು ಹುಲಿಯ ಹಾಗೆ ಆಡಿಸುತ್ತಿದ್ದೀರಿ, ತೊಂದರೆ ಇರುವುದು ಅಲ್ಲೇ.

2014ರ ನಿಯಮಪುಸ್ತಕದಲ್ಲಿ ಗಾಬ್ಲಿನ್‌ಗೆ ಇರುವುದು 7 ಎಚ್‌ಪಿ. ಕತ್ತಿ ಒಂದು ಸಲ ಸರಿಯಾಗಿ ಬಿದ್ದರೆ ಮುಗಿಯಿತು. ಆದರೆ ಅದೇ ಪುಟದಲ್ಲಿ ಇನ್ನೂ ಮೂರು ವಿಷಯ ಇದೆ: ಬಚ್ಚಿಟ್ಟುಕೊಳ್ಳುವಾಗ ಡೈಸ್‌ಗೆ 6 ಸೇರುತ್ತೆ, ಬಿಲ್ಲು 80 ಅಡಿ ದೂರಕ್ಕೆ ಆರಾಮಾಗಿ ಹೊಡೆಯುತ್ತೆ, ಪ್ರತಿ ಟರ್ನ್‌ನಲ್ಲೂ ಬೋನಸ್ ಆ್ಯಕ್ಷನ್ (ಮುಖ್ಯ ಕೆಲಸದ ಜೊತೆಗೆ ಸಿಗುವ ಇನ್ನೊಂದು ಚಿಕ್ಕ ಕೆಲಸ) ಆಗಿ ಅಡಗಬಹುದು, ಇಲ್ಲವೇ ಏಟು ತಿನ್ನದೆ ಹಿಂದೆ ಸರಿಯಬಹುದು. ಎದುರಿಗೆ ನಿಂತು ಹೊಡೆದಾಡು ಅಂತ ಇದರಲ್ಲಿ ಎಲ್ಲಾದರೂ ಇದೆಯಾ?

ಕೋಲಾರದ ಅಂತರಗಂಗೆ ಬೆಟ್ಟ ಹತ್ತಿದ್ದರೆ ನೆನಪು ಮಾಡಿಕೊಳ್ಳಿ. ಮನೆಯಷ್ಟು ದೊಡ್ಡ ಬಂಡೆಗಳು, ಮಧ್ಯೆ ಒಬ್ಬರೇ ತೂರುವಂಥ ಸಂದಿಗಳು, ಗುಹೆಗಳು. ಅಂಥದ್ದೇ ಜಾಗವನ್ನು ಗ್ರಾಫ್ ಹಾಳೆ ಮೇಲೆ ಬರೆಯಿರಿ, ಒಂದು ಚೌಕ 5 ಅಡಿ, ಗಾಬ್ಲಿನ್ ಜಾಗಕ್ಕೆ ಹುಣಸೆ ಬೀಜ ಇಟ್ಟರೂ ಸಾಕು. ಈಗ ಒಂದೇ ಗಾಬ್ಲಿನ್‌ನ ಒಂದು ಟರ್ನ್ ನೋಡಿ. ಬಂಡೆಯ ಹಿಂದೆ ಅಡಗಿದೆ. ಸಂದಿಯಿಂದ ಬಗ್ಗಿ ವಿಝರ್ಡ್ (ಮಂತ್ರವಾದಿಯ ಪಾತ್ರ) ಮೇಲೆ ಬಾಣ ಬಿಡುತ್ತೆ. ಯಾರಿಗೂ ಕಾಣದೆ ಹೊಡೆದಿದ್ದರಿಂದ ಎರಡು ಡಿ20 (ಇಪ್ಪತ್ತು ಮುಖದ ಡೈಸ್) ಉರುಳಿಸಿ ಜಾಸ್ತಿ ಬಂದದ್ದನ್ನು ತೆಗೆದುಕೊಳ್ಳುತ್ತೀರಿ. ಆಮೇಲೆ 15 ಅಡಿ ಹಿಂದೆ ಓಡಿ ಇನ್ನೊಂದು ಬಂಡೆಯ ಮರೆಗೆ ಹೋಗಿ ಮತ್ತೆ ಅಡಗುತ್ತೆ. ಫೈಟರ್ ಓಡಿಬಂದು ಮೊದಲಿನ ಬಂಡೆಯ ಹಿಂದೆ ಇಣುಕಿದರೆ ಅಲ್ಲಿ ಯಾರೂ ಇಲ್ಲ, ಮತ್ತು ಅವನು ಈಗ ಗಾಯ ವಾಸಿಮಾಡುವ ಕ್ಲೆರಿಕ್‌ನಿಂದ 30 ಅಡಿ ದೂರ ಬಂದುಬಿಟ್ಟಿದ್ದಾನೆ. ಆಗ ಆಕಳಿಸುವವರು ಯಾರು! "ಅದು ತಲೆ ಹೊರಗೆ ಹಾಕಿದ ಕೂಡಲೇ ಹೊಡೀತೀನಿ" ಅಂತ ಒಬ್ಬರು ಆ್ಯಕ್ಷನ್ ಕಾದಿಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಬಂಡೆ ಹತ್ತೋಕೆ ಆಗುತ್ತಾ ಅಂತ ಕೇಳುತ್ತಾರೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವ ಹೊತ್ತು ಅದು, ಎಲ್ಲರೂ ಹಾಳೆಯ ಮೇಲೆ ಬಗ್ಗಿ ಒಟ್ಟಿಗೆ ಮಾತಾಡೋಕೆ ಶುರು ಮಾಡುವ ಹೊತ್ತು. ಒಂದು ಎಚ್ಚರ ಮಾತ್ರ: ಹೀಗೆ ಆಡಿಸಿದರೆ ಆರು ಗಾಬ್ಲಿನ್ ಜಾಸ್ತಿಯಾಗುತ್ತೆ. ನಿಮ್ಮವರ ಪಾತ್ರಗಳು ಇನ್ನೂ ಮೊದಲ ಲೆವೆಲ್‌ನಲ್ಲಿದ್ದರೆ ನಾಲ್ಕರಿಂದ ಶುರು ಮಾಡಿ.

ಎಲ್ಲ ಪ್ರಾಣಿಯನ್ನೂ ಇಷ್ಟು ಚಾಲಾಕಿ ಮಾಡಬೇಡಿ. ಕೋಬೋಲ್ಡ್ (ಹಲ್ಲಿಯಂಥ ಕುಳ್ಳ ಜೀವಿ) ಒಂಟಿಯಾಗಿ ಏನೂ ಅಲ್ಲ, ಜೊತೆಗಾರ ಪಕ್ಕದಲ್ಲಿದ್ದರೆ ಮಾತ್ರ ಅದರ ಏಟಿಗೆ ಬಲ, ಹಾಗಾಗಿ ಜೋಡಿಯಾಗಿ ಒಬ್ಬನ ಮೇಲೇ ಬೀಳಲಿ. ತೋಳ ಕಚ್ಚಿ ಕೆಡವುತ್ತೆ, ಬಿದ್ದವನ ಮೇಲೆ ಉಳಿದವು ಎರಗುತ್ತವೆ. ಚಿರತೆ ನಿಮ್ಮ ಕಡೆಯವರಿಗೆ ಹೊಸದಲ್ಲ. ರಾತ್ರಿ ಬಂದು ಕಟ್ಟಿಹಾಕಿದ ನಾಯಿಯನ್ನು ಎತ್ತಿಕೊಂಡು ಹೋಗುತ್ತೆ, ಜನ ಕೂಗಿದರೆ ಜಾಗ ಖಾಲಿ ಮಾಡುತ್ತೆ. ಆಟದಲ್ಲೂ ಹಾಗೇ ಇರಲಿ, ಹಿಂದೆ ಉಳಿದವನ ಮೇಲೆ ಹಾರಲಿ, ಎರಡು ಏಟು ಬಿದ್ದರೆ ಮರ ಹತ್ತಲಿ.

ಓಡಿಹೋಗುವುದನ್ನಂತೂ ಮರೆಯಲೇಬೇಡಿ. ಇದೇ ಆಟದ 1981ರ ಬೇಸಿಕ್ ನಿಯಮದಲ್ಲಿ ಇದಕ್ಕೆ ಚಂದದ ದಾರಿ ಇತ್ತು. ಪ್ರತಿ ಜೀವಿಗೂ 2ರಿಂದ 12ರವರೆಗೆ ಒಂದು ಧೈರ್ಯದ ಅಂಕ. ಗುಂಪಿನಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧ ಗುಂಪು ಬಿದ್ದಾಗ ಎರಡು ಆರು-ಮುಖದ ಡೈಸ್ ಉರುಳಿಸಬೇಕು. ಅಂಕಕ್ಕಿಂತ ಜಾಸ್ತಿ ಬಿದ್ದರೆ ಜಗಳ ಬಿಟ್ಟು ಓಟ. ಗಾಬ್ಲಿನ್‌ಗೆ 7 ಇಟ್ಟುಕೊಳ್ಳಿ. ತಪ್ಪಿಸಿಕೊಂಡ ಒಂದು ಗಾಬ್ಲಿನ್ ಮುಂದಿನ ಭಾನುವಾರಕ್ಕೆ ಸುದ್ದಿ ಮುಟ್ಟಿಸಿರುತ್ತೆ.

ಪ್ರಶ್ನೆ: ಒಬ್ಬರ ಪಾತ್ರ 0 ಎಚ್‌ಪಿಗೆ ಬಿದ್ದಾಗ ರಾಕ್ಷಸ ಅವರನ್ನು ಹೊಡೆಯುತ್ತಲೇ ಇರಬೇಕಾ? ಹೋದ ವಾರ ಹಾಗೆ ಮಾಡಿ ಗೆಳತಿಯ ಕಣ್ಣಲ್ಲಿ ನೀರು ಬಂತು. (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಸಾಮಾನ್ಯವಾಗಿ ಬೇಡಮ್ಮ. ಎಚ್ಚರ ತಪ್ಪಿದವರನ್ನು 5 ಅಡಿ ಒಳಗಿಂದ ಹೊಡೆದರೆ, ಏಟು ತಾಗಿದ ಮೇಲೆ ಅದು ಕ್ರಿಟಿಕಲ್ಲೇ (ಅತಿ ಜೋರಿನ ಏಟು), ಎರಡು ಡೆತ್ ಸೇವ್ (ಬದುಕುಳಿಯಲು ಉರುಳಿಸುವ ಡೈಸ್) ಒಟ್ಟಿಗೆ ಸೋತ ಹಾಗೆ. ಮೂರಕ್ಕೆ ಸಾವು. ರಾಕ್ಷಸನ ಕಡೆಯಿಂದ ನೋಡಿದರೂ ಬಿದ್ದವಳು ಸದ್ಯಕ್ಕೆ ಅಪಾಯವಲ್ಲ, ಎದುರಿಗೆ ಕೊಡಲಿ ಎತ್ತಿ ನಿಂತವನು ಅಪಾಯ. ಕ್ಲೆರಿಕ್ ಒಮ್ಮೆ ಎಬ್ಬಿಸಿದ್ದನ್ನು ಕಣ್ಣಾರೆ ಕಂಡ ಬುದ್ಧಿವಂತ ಶತ್ರು ಮಾತ್ರ ಹಾಗೆ ಮಾಡಬಹುದು. ಅಂಥವನು ಬರುತ್ತಾನೆ ಅಂದರೆ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ನಿಮ್ಮ ಗೆಳತಿಗೆ ಮಾತ್ರ ಈ ಭಾನುವಾರದವರೆಗೆ ಕಾಯಿಸದೆ ಇವತ್ತೇ ಫೋನ್ ಮಾಡಿ ಮಾತಾಡಿ.