ವಿಮಾನಕ್ಕೆ ಅಭ್ಯಂಜನ

ಅಂಕಲ್ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ಜನವರಿಯಲ್ಲಿ ಹೆಂಡತಿ ಜೊತೆ ಕೆನಡಾದ ಕ್ಯಾಲ್ಗರಿಗೆ ಬರುತ್ತಿದ್ದೀಯ. ಚಳಿಗೆ ಏನು ತರಬೇಕು, ಹಾಸನದ ಲೈಸೆನ್ಸಲ್ಲಿ ಕಾರು ಓಡಿಸಬಹುದಾ, ಮೊದಲು ಸಿಕ್ಕ ಸಣ್ಣ ಕೆಲಸ ಹಿಡಿಯಬೇಕಾ, ಓದಿದ್ದಕ್ಕೆ ತಕ್ಕದ್ದು ಸಿಗುವ ತನಕ ಕಾಯಬೇಕಾ ಅಂತ ಕೇಳಿದ್ದೀಯ.

ಒಳಗೆ ಹಾಕುವ ಥರ್ಮಲ್ ಬಟ್ಟೆ ಎರಡು ಜೊತೆ ತಾ, ಸಾಕು. ಬೆಂಗಳೂರಲ್ಲಿ ಕೊಳ್ಳುವ ಜಾಕೆಟ್ ಇಲ್ಲಿ ಅಕ್ಟೋಬರಿಗೇ ಸೋಲುತ್ತದೆ. ಅಕ್ಕಿ ಬೇಳೆ ಎಲ್ಲಾ ಸಿಗುತ್ತದೆ.

ಇದನ್ನೇ 2003ರಲ್ಲಿ ಯಾರಾದರೂ ನನಗೆ ಹೇಳಿದ್ದರೆ ಕೇಳುತ್ತಿರಲಿಲ್ಲ ಬಿಡು. ಏರ್‌ಫೋರ್ಸಲ್ಲಿ ಎಎನ್-32 ಅನ್ನುವ ಸಾಮಾನು ಸಾಗಿಸುವ ವಿಮಾನ ಹಾರಿಸಿದವನು ನಾನು. ಚಂಡೀಗಢದಲ್ಲಿ ಕತ್ತಲಿರುವಾಗಲೇ ಎದ್ದು ಲೇಹ್‌ಗೆ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದೆವು. 10,600 ಅಡಿಗೂ ಮೇಲಿರುವ ರನ್‌ವೇ, ಸುತ್ತ ಬೆಟ್ಟ, ಬಿಸಿಲೇರಿ ಗಾಳಿ ಏಳುವ ಮೊದಲೇ ಇಳಿದು ವಾಪಸ್ ಹೊರಡಬೇಕು. ಅಂಥವನಿಗೆ ಇನ್ಯಾವ ಚಳಿ! ಇಲ್ಲಿಗೆ ಬಂದ ಮೂರನೇ ದಿನ ಮೈನಸ್ 31. ಹಳೇ ಕಾರು ಗೊರ್ ಅಂದು ಸುಮ್ಮನಾಯಿತು. ಪಕ್ಕದ ಮನೆಯ ಮುದುಕ ಬಂದು, ರಾತ್ರಿ ಪ್ಲಗ್ ಹಾಕಲಿಲ್ಲವಾ ಅಂದ. ಎಂಜಿನ್ ಬೆಚ್ಚಗಿಡುವ ಹೀಟರಿನ ವೈರ್ ಬಾನೆಟ್ ಮುಂದೆ ನೇತಾಡುತ್ತಿರುತ್ತದೆ. ಹಳೇ ಮಾಲೀಕ ಟೇಪ್ ರೆಕಾರ್ಡರಿಗೆ ಎಳೆದುಕೊಂಡಿದ್ದಾನೆ ಅಂದುಕೊಂಡು ನಾನದನ್ನು ಸುತ್ತಿ ಒಳಗೆ ತುರುಕಿದ್ದೆ.

ಊರಿನ ಲೈಸೆನ್ಸ್ ಇಲ್ಲಿ 90 ದಿನ ನಡೆಯುತ್ತದೆ. ಅಷ್ಟರೊಳಗೆ ಪರೀಕ್ಷೆ ಪಾಸಾಗು. ಸ್ಟಾಪ್ ಬೋರ್ಡಿನ ಹತ್ತಿರ ಪೂರ್ತಿ ನಿಲ್ಲಿಸು, ರಸ್ತೆ ಖಾಲಿ ಇದ್ದರೂ. ಲೇಹ್‌ನಲ್ಲಿ ವಿಮಾನ ಇಳಿಸಿದವನನ್ನು ಅದೊಂದಕ್ಕೇ ಫೇಲ್ ಮಾಡಿದರು.

ಕೆಲಸದ ವಿಷಯ. ಇಲ್ಲಿ ಹಾರಿಸಬೇಕಾದರೆ ಮತ್ತೆ ಪರೀಕ್ಷೆ, ಮೆಡಿಕಲ್, ಎಲ್ಲದಕ್ಕೂ ದುಡ್ಡು. ನನಗಾಗ 45, ಮಗಳ ಸ್ಕೂಲು ಬೇರೆ. ಸಿಕ್ಕಿದ್ದು ಏರ್‌ಪೋರ್ಟಲ್ಲಿ ಡೀಐಸಿಂಗ್ ಕೆಲಸ. ಲಾರಿ ಮೇಲೆ ಎತ್ತರದ ಬುಟ್ಟಿಯಲ್ಲಿ ನಿಂತು ವಿಮಾನದ ರೆಕ್ಕೆಗೆ ಬಿಸಿ ಗ್ಲೈಕಾಲ್ ನೀರು ಹೊಡೆಯುವುದು. ಮೊದಲು ಕಿತ್ತಳೆ ಬಣ್ಣದ್ದು, ಅದು ಹಿಮ ಕರಗಿಸುತ್ತದೆ. ಆಮೇಲೆ ಹಸಿರು ಗಂಜಿಯಂಥದ್ದು, ಅದು ಮತ್ತೆ ಹಿಮ ಕೂರದ ಹಾಗೆ ನೋಡಿಕೊಳ್ಳುತ್ತದೆ. ರೆಕ್ಕೆ ಮೇಲೆ ಹಿಮ ತೆಳ್ಳಗೆ ಉಳಿದರೂ ವಿಮಾನ ಸರಿಯಾಗಿ ಮೇಲೇಳುವುದಿಲ್ಲ, ಇದು ಆ ಲಾರಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇನೂ ಗಂಟೆಗೆ ಒಂದು ಡಾಲರ್ ಜಾಸ್ತಿ ಕೊಡಲಿಲ್ಲ. ಕಾಕ್‌ಪಿಟ್‌ನಿಂದ ನನ್ನ ಅರ್ಧ ವಯಸ್ಸಿನ ಹುಡುಗ ಹೆಬ್ಬೆರಳು ಎತ್ತಿದರೆ ನನ್ನ ಕೈ ತಾನಾಗೇ ಸೆಲ್ಯೂಟಿಗೆ ಏಳುತ್ತಿತ್ತು, ಕೈಯಲ್ಲಿ ಪೈಪು!

ಅರಕಲಗೂಡಿನಿಂದ ಅಮ್ಮ ಫೋನಲ್ಲಿ, ಕೆಲಸ ಏನೋ ಅಂದಳು. ವಿಮಾನದ್ದೇ ಅಮ್ಮಾ ಅಂದೆ. ಸುಳ್ಳಲ್ಲ, ಅಲ್ವಾ? ಅವಳು ಬೀದಿಗೆಲ್ಲ, ಮಗ ಅಲ್ಲೂ ಪೈಲಟ್ಟು ಅಂತ ಹೇಳಿ, ಆಕಾಶದಲ್ಲಿ ಬಿಳಿ ಗೆರೆ ಕಂಡರೆ ಅಂಗಳಕ್ಕೆ ಬಂದು ಕೈ ಬೀಸುತ್ತಿದ್ದಳಂತೆ. ಆರು ವರ್ಷ ಹಾಗೇ ಎಳೆದೆ. ರಜೆಗೆ ಹೋಗಿ ಎದುರಿಗೆ ಕೂತು ಮುದ್ದೆ ಉಂಡಾಗಲೂ ಬಾಯಿ ಬರಲಿಲ್ಲ. ನನ್ನೊಳಗಿನ ವಿಂಗ್ ಕಮಾಂಡರ್ ಅಡ್ಡ ಕೂತಿದ್ದ. 2009ರಲ್ಲಿ, ದೀಪಾವಳಿಗೆ ವಾರ ಇರುವಾಗ ಹೋಗಿಬಿಟ್ಟಳು. ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಬಳ್ಳಿ ಸುತ್ತಿ, ಬೆಳಗಿನ ಜಾವ ನಮ್ಮ ತಲೆ ಮೇಲೆ ಸುಡುಸುಡು ನೀರು ಸುರಿಯುತ್ತಿದ್ದವಳು. ವಿಮಾನಗಳಿಗೆ ಅಭ್ಯಂಜನ ಮಾಡಿಸ್ತೀನಿ ಕಣಮ್ಮಾ ಅಂದಿದ್ದರೆ, ಸೀಗೆಪುಡಿನೂ ಹಾಕ್ತೀಯೇನೋ ಅಂತ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು.

ಸಣ್ಣ ಕೆಲಸ ಹಿಡಿಯುವುದು ಬಿಡುವುದು ನಿನಗೆ ಬಿಟ್ಟಿದ್ದು. ಊರಿಗೆ ಫೋನ್ ಮಾಡುವಾಗ ಮಾತ್ರ ಅದರ ಹೆಸರು ನೆಟ್ಟಗೆ ಹೇಳು. ಫ್ಲೈಟ್ ನಂಬರ್ ಕಳಿಸು, ಎರಡು ಜಾಕೆಟ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ. ಬರುವಾಗ ಅರ್ಧ ಕೆಜಿ ಸೀಗೆಪುಡಿ ತಾ, ಇಲ್ಲಿ ಸಿಗುವುದರಲ್ಲಿ ನೊರೆಯೇ ಬರುವುದಿಲ್ಲ.