ತೀರ್ಥಹಳ್ಳಿ ಕಡೆಯವನು, ಕ್ಯಾಮೆರಾ ಹೊಸದು: ಇರುವ ದುಡ್ಡಲ್ಲಿ 150–600 ಲೆನ್ಸ್ ತಗೊಳ್ಳಲೇ?

ನಿಮ್ಮ ಹತ್ತಿರ ಕ್ಯಾನನ್ 200ಡಿ ಮಾರ್ಕ್ 2 ಇದೆ, ಅದರ ಜೊತೆ ಬಂದ 18–55 ಎಂಎಂ ಲೆನ್ಸ್ ಇದೆ, ಕೈಯಲ್ಲಿ 40 ಸಾವಿರ ಇದೆ. ಮಂಡಗದ್ದೆಯ ಹಕ್ಕಿ, ಜೋಗ, ಆಗುಂಬೆಯ ಕಾಡು ಎಲ್ಲವನ್ನೂ ತೆಗೆಯಬೇಕು, ದೂರದ್ದನ್ನು ಹತ್ತಿರ ಎಳೆಯುವ ಸೆಕೆಂಡ್ ಹ್ಯಾಂಡ್ 150–600 ಜೂಮ್ ಲೆನ್ಸ್ ಒಂದಕ್ಕೇ ಅಷ್ಟನ್ನೂ ಹಾಕಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ನಮ್ಮ ಕಡೆ ಲೆನ್ಸ್ ಆರಿಸುವಾಗ ಮೊದಲು ನೋಡಬೇಕಾದ್ದು ಎರಡು: ಕಾಡಿನೊಳಗೆ ಬೆಳಕು ಕಡಿಮೆ, ಗಾಳಿಯಲ್ಲಿ ತೇವ ಜಾಸ್ತಿ. ದುಡ್ಡು ಇವೆರಡಕ್ಕೆ ತಕ್ಕ ಹಾಗೆ ಹೋಗಬೇಕು.

ಹಾಗಾಗಿ ಲೆನ್ಸ್ ಕೊಳ್ಳುವ ಮುಂಚೆ ಅದನ್ನು ಇಡುವ ಡಬ್ಬಿ ಕೊಳ್ಳಿ. ಮಳೆಗಾಲದಲ್ಲಿ ಮರದ ಕಪಾಟಿನಲ್ಲಿಟ್ಟ ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ನೋಡಿಯೇ ಇರುತ್ತೀರಿ. ಲೆನ್ಸ್ ಒಳಗೂ ಅದೇ ಆಗುತ್ತದೆ. ಫಂಗಸ್‌ನ ಬೀಜಕಣ ಎಲ್ಲ ಕಡೆಯೂ ಇರುತ್ತದೆ, ಅದನ್ನು ತಡೆಯಲಾಗದು. ತೇವಾಂಶ ಶೇ. 65 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಅದು ಬೆಳೆಯತೊಡಗುತ್ತದೆ, ಗಾಜಿನ ಮೇಲಿನ ಕೋಟಿಂಗನ್ನು ಕೊರೆಯುತ್ತದೆ. ಒಮ್ಮೆ ಕೊರೆದ ಮೇಲೆ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ. ರಬ್ಬರ್ ಬೀಡಿಂಗ್ ಇರುವ, ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ಬಟ್ಟೆಯ ಚೀಲದಲ್ಲಿ ಕಾಲು ಕಿಲೋ ಸಿಲಿಕಾ ಜೆಲ್, ಇಷ್ಟು ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿಸಿ ತಿಂಗಳುಗಟ್ಟಲೆ ಇಡುವುದೂ ಒಳ್ಳೆಯದಲ್ಲ, ಲೆನ್ಸ್ ಒಳಗಿನ ಗ್ರೀಸ್ ಮತ್ತು ರಬ್ಬರ್ ಒಣಗುತ್ತವೆ. ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಮೈಗೆ ಒಳ್ಳೆಯದಲ್ಲ. ತೇವ ಹೀರಿ ಬಣ್ಣ ಬದಲಾದ ಮೇಲೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಕ್ಯಾಮೆರಾದ ಜೊತೆ ಬಂದ ಬ್ಯಾಗನ್ನು ಡಬ್ಬಿಯೊಳಗೆ ಇಡಬೇಡಿ, ಅದರ ಸ್ಪಂಜು, ಬಟ್ಟೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ, ಹೊಗೆಯ ಜಿಡ್ಡು ಲೆನ್ಸಿಗೆ ಅಂಟುತ್ತದೆ.

ಈಗ ಲೆನ್ಸ್. 150–600ರ ಹಗುರವಾದ ಮಾದರಿಗಳೇ ಸುಮಾರು ಎರಡು ಕಿಲೋ ತೂಗುತ್ತವೆ. 600ರಲ್ಲಿ ಅದರ ಅಪರ್ಚರ್ (ಬೆಳಕು ಬಿಡುವ ಕಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್ 6.3. ಆಗುಂಬೆಯ ಮರಗಳ ಕೆಳಗೆ ಶಟರ್ ವೇಗ 1/800 ಸೆಕೆಂಡ್ ಇಟ್ಟರೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 12800ಕ್ಕೆ ಏರಬಹುದು, ಆಗ ಚಿತ್ರದ ತುಂಬ ಕಾಳು ಕಾಳು. ದೂರದ ಹಕ್ಕಿಯನ್ನು ಹತ್ತಿರ ಎಳೆದರೂ ನಡುವಿನ ಮಂಜು, ತೇವದ ಗಾಳಿ ಚಿತ್ರವನ್ನು ಮಸುಕು ಮಾಡುತ್ತವೆ. ಬಯಲಿನ ಕೆರೆಗಳಿಗೆ ಅದು ಒಳ್ಳೆಯ ಲೆನ್ಸ್, ಮುಂದೊಂದು ದಿನ ತಗೊಳ್ಳಿ.

ನಾನಾದರೆ ನಿಮಗೆ 55–250 ಐಎಸ್ ಎಸ್‌ಟಿಎಂ ಹೇಳುತ್ತೇನೆ. ಐಎಸ್ ಎಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಎಂದರೆ ಫೋಕಸ್ ಮೋಟರಿನ ಒಂದು ಬಗೆ. 375 ಗ್ರಾಂ ತೂಕ. ನಿಮ್ಮ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿಗಿಂತ ಚಿಕ್ಕದು, ಅದಕ್ಕೆ 1.6ರಿಂದ ಗುಣಿಸುವ ಲೆಕ್ಕ, ಹಾಗಾಗಿ 250 ಎಂಎಂ ಎಂದರೆ ಫುಲ್ ಫ್ರೇಮಿನ 400ಕ್ಕೆ ಸಮ. ಕೊಳ್ಳುವಾಗ ಮೈಮೇಲೆ ‘ಎಸ್‌ಟಿಎಂ’ ಎಂದು ಬರೆದಿದೆಯಾ ನೋಡಿ. ಇದೇ ಅಳತೆಯ ಹಳೆಯ ಮಾದರಿಗಳಲ್ಲಿ ಫೋಕಸ್ ಆಗುವಾಗ ಮುಂದಿನ ಗಾಜು ತಿರುಗುತ್ತದೆ, ಫಿಲ್ಟರ್ ಹಾಕಿದ್ದರೆ ಅದೂ ತಿರುಗಿ ಕೆಲಸ ಕೆಡುತ್ತದೆ. ಅಗ್ಗಕ್ಕೆ ಸಿಗುವ 75–300 ಮೂರನೇ ಮಾದರಿಯಲ್ಲಿ ಐಎಸ್ ಇಲ್ಲ, ಮೋಡದ ಬೆಳಕಿನಲ್ಲಿ ಅದು ಬೇಡ.

ಎರಡನೆಯದು 50 ಎಂಎಂ ಎಫ್ 1.8 ಎಸ್‌ಟಿಎಂ. ನಿಮ್ಮ 18–55 ಕಿಟ್ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ: ಅಲ್ಲಿ ಐಎಸ್‌ಒ 6400 ಬೇಕಾದ ಕಡೆ ಇಲ್ಲಿ 640 ಸಾಕು. ಹಳೆಯ ಮನೆಯ ಜಗಲಿ, ಅಡಿಕೆ ಸುಲಿಯುವವರು, ದೇವಸ್ಥಾನದ ಒಳಾಂಗಣಕ್ಕೆ ಇದನ್ನು ಮೀರಿಸುವುದು ಈ ದುಡ್ಡಿಗೆ ಇಲ್ಲ. ಕಪ್ಪೆ, ಅಣಬೆ ತೆಗೆಯಲು ಇದಕ್ಕೇ 25 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರುವ ಟೊಳ್ಳು ಕೊಳವೆ) ಹಾಕಿದರೆ ವಸ್ತುವಿನ ಅಳತೆಯ ಮುಕ್ಕಾಲಿಗೆ ಹತ್ತಿರದಷ್ಟು ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಟ್ಯೂಬಿನಲ್ಲಿ ಲೋಹದ ಕಾಂಟ್ಯಾಕ್ಟ್‌ಗಳಿರಲೇಬೇಕು. ಇಲ್ಲದಿದ್ದರೆ ಅಪರ್ಚರ್ ಬದಲಿಸಲು ಆಗುವುದಿಲ್ಲ, ಕಪ್ಪೆಯ ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಮಸುಕು. ಕಪ್ಪೆಯನ್ನು ಕೈಯಲ್ಲಿ ಹಿಡಿದು ಜಾಗ ಬದಲಿಸಬೇಡಿ. ಉಂಬಳಕ್ಕೆಂದು ಡೀಟ್ (ಕೀಟಗಳನ್ನು ದೂರವಿಡುವ ರಾಸಾಯನಿಕ) ಇರುವ ಕ್ರೀಮು ಹಚ್ಚಿದ್ದರೆ ಕ್ಯಾಮೆರಾ ಮುಟ್ಟುವ ಮೊದಲು ಕೈ ತೊಳೆಯಿರಿ, ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

18–55 ಮತ್ತು 55–250 ಎಸ್‌ಟಿಎಂ ಎರಡಕ್ಕೂ 58 ಎಂಎಂ ಫಿಲ್ಟರ್ ಕೂರುತ್ತದೆ, ಒಂದೇ ಸಿಪಿಎಲ್ (ತಿರುಗಿಸಿ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್) ಸಾಕು. ಮಳೆ ನಿಂತ ಮೇಲೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ತೆಗೆದು ನಿಜವಾದ ಹಸಿರು ತೋರಿಸುವುದು ಇದೇ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಹಕ್ಕಿಗೆ ಹೋಗುವಾಗ ಬಿಚ್ಚಿಡಿ. ಜೋಗದಲ್ಲಿ ಕಾಮನಬಿಲ್ಲು ಮೂಡಿದಾಗ ಮಾತ್ರ ನಿಧಾನವಾಗಿ ತಿರುಗಿಸುತ್ತ ನೋಡಿ: ಒಂದು ಕೋನದಲ್ಲಿ ಬಿಲ್ಲು ಎದ್ದು ಕಾಣುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಮಾಯವಾಗುತ್ತದೆ.

ಜೋಗಕ್ಕೆ ಹೊಸ ಲೆನ್ಸ್ ಬೇಡವೇ ಬೇಡ. ಎದುರಿನ ವೀಕ್ಷಣಾ ಸ್ಥಳದಿಂದ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ 18ರಲ್ಲಿ ಸೇರುತ್ತವೆ. ನೀರನ್ನು ನೂಲಿನಂತೆ ಕಾಣಿಸಲು ಎಫ್ 22ಕ್ಕೆ ಹೋಗಬೇಡಿ, ಎಫ್ 11 ದಾಟಿದರೆ ಈ ಸೆನ್ಸರಿನಲ್ಲಿ ಚೂಪು ಕಡಿಮೆಯಾಗುತ್ತದೆ. ಅದರ ಬದಲು ಎನ್‌ಡಿ 64 (ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಫಿಲ್ಟರ್) ಹಾಕಿ: 1/125 ಇದ್ದದ್ದು ಅರ್ಧ ಸೆಕೆಂಡಾಗುತ್ತದೆ. ಟ್ರೈಪಾಡ್ ಮೇಲೆ ಐಎಸ್ ಆಫ್, 2 ಸೆಕೆಂಡಿನ ಟೈಮರ್ ಆನ್. ಮಳೆಗಾಲದ ತುಂಬು ನೀರಿಗೆ ಅರ್ಧ ಸೆಕೆಂಡೂ ಹೆಚ್ಚೇ, ಬಿಳಿ ಗೋಡೆಯಂತಾಗುತ್ತದೆ. ಎನ್‌ಡಿ 16 ಹಾಕಿ 1/8ರ ಆಸುಪಾಸು ಇಟ್ಟರೆ ಎಳೆಗಳು ಉಳಿಯುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಅಂದರೆ ಮೋಡ ಕವಿದಿರುವಾಗ. 250, ಎಫ್ 5.6, ವೇಗ 1/1600, ಐಎಸ್‌ಒ ಆಟೋ, ಮಿತಿ 3200. ವ್ಯೂಫೈಂಡರಿನಲ್ಲಿರುವುದು 9 ಫೋಕಸ್ ಬಿಂದು, ಹಾರುವ ಹಕ್ಕಿಗೆ ನಡುವಿನದನ್ನೇ ಬಳಸಿ, ಎಐ ಸರ್ವೋ (ಚಲಿಸುವುದರ ಮೇಲೆ ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್) ಇಡಿ. ಕಡುಹಸಿರಿನ ಎದುರು ಬೆಳ್ಳಕ್ಕಿ ಸುಣ್ಣ ಬಳಿದಂತೆ ಬರುತ್ತದೆ, ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ. ಖಾಲಿ ಆಕಾಶದ ಎದುರು ಹಾರುವ ನೀರುಕಾಗೆಗೆ ಏರಿಸಿ. ಗೂಡಿನ ಕಡೆಗೆ ಫ್ಲಾಶ್ ಖಂಡಿತ ಬೇಡ.

ನಿಮ್ಮ ಕ್ಯಾಮೆರಾಕ್ಕೆ ನೀರು ತಡೆಯುವ ಸೀಲ್ ಇಲ್ಲ. ಲೆನ್ಸ್ ಹುಡ್, ದೊಡ್ಡ ಕೊಡೆ, ಸ್ನಾನದ ಪ್ಲಾಸ್ಟಿಕ್ ಟೋಪಿ, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ ಜೊತೆಗಿರಲಿ. ಎಸಿ ಕಾರಿನಿಂದ ಇಳಿಯುವ ಮುನ್ನ ಜಿಪ್ ಕವರಿನಲ್ಲಿ ಮುಚ್ಚಿ, ಹೊರಗೆ 20–30 ನಿಮಿಷ ಬಿಟ್ಟು ತೆಗೆಯಿರಿ, ಗಾಜು ಬೆವರುವುದಿಲ್ಲ. ಒಳಗೆ ನೀರು ಹೋಯಿತು ಅನ್ನಿಸಿದರೆ ಆನ್ ಮಾಡಿ ನೋಡಬೇಡಿ, ಬ್ಯಾಟರಿ ತೆಗೆದುಬಿಡಿ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಧೂಳು ಸೇರುತ್ತದೆ ಅಷ್ಟೇ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯ ಹಾಗೆ ಕವಲೊಡೆದ ಎಳೆ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ನಿಮ್ಮ ಕ್ಯಾಮೆರಾಕ್ಕೇ ಹಾಕಿ, 55ರಲ್ಲೂ 250ರಲ್ಲೂ ಫೋಕಸ್ ಹಿಡಿಯುತ್ತದಾ, ಎಫ್ 11ರಲ್ಲಿ ಕ್ಲಿಕ್ ಮಾಡಿದಾಗ ಎರರ್ ಬರುತ್ತದಾ ಎಂದು ಪರೀಕ್ಷಿಸಿ ದುಡ್ಡು ಕೊಡಿ.